ಎನ್‌ಬಿಎ ಪ್ರಶಸ್ತಿ ಯಾರಿಗೆ? ಚೀಟಿ ಬರೆಯುವ ಮೊದಲು ಪ್ರಶ್ನೆ ಯಾವುದು ನೋಡಿ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಬೆಳಗ್ಗೆ ಏಳೂವರೆಗೇ ಕೋರ್ಟಿನ ಸಿಮೆಂಟು ಕಾಯುತ್ತದೆ. ಅದಕ್ಕೇ ನಾವು ಐದು ಜನ ಐದೂವರೆಗೇ ಚೆಂಡು ಹಿಡಿದು ಹಳೆಯ ಕಾಲೇಜೊಂದರ ಅಂಗಳಕ್ಕೆ ಹೋಗುತ್ತೇವೆ. ಅಲ್ಲಿ ಒಂದು ರಿಂಗ್ ಸೊಟ್ಟಗಿದೆ, ಇನ್ನೊಂದಕ್ಕೆ ಬಲೆ ಇಲ್ಲ. ಏಳಕ್ಕೆ ಆಟ ಮುಗಿಸಿ ರಸ್ತೆಯಾಚೆ ಚಾ ಅಂಗಡಿಯ ಬೆಂಚಿನ ಮೇಲೆ ಕೂತರೆ, ಅದೇ ಹೊತ್ತಿಗೆ ಅಮೆರಿಕದಲ್ಲಿ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನ ರಾತ್ರಿಯ ಪಂದ್ಯ ಕೊನೆಯ ಕ್ವಾರ್ಟರಿಗೆ ಬಂದಿರುತ್ತದೆ. ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನೋಡುತ್ತೇವೆ. ಚಾ ಅಂಗಡಿಯವನಿಗೂ ಈಗ ಯೋಕಿಚ್ ಯಾರು ಅಂತ ಗೊತ್ತು. "ಆ ದಪ್ಪ ಮನುಷ್ಯಾ ಇವತ್ತ ಆಡ್ತಾನೇನ್ರಿ?" ಅಂತ ಕೇಳುತ್ತಾನೆ.

ನಾನು ಗಂಜಿನ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಚಳಿಗಾಲದಲ್ಲಿ ತೊಗರಿ ಬರುವಾಗ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ. ಏಪ್ರಿಲಿಗೆ ಕೈ ಸ್ವಲ್ಪ ಖಾಲಿ. ಎನ್‌ಬಿಎ ರೆಗ್ಯುಲರ್ ಸೀಸನ್ ಮುಗಿಯುವುದೂ ಆಗಲೇ. ಹೀಗಾಗಿ ಸೀಸನ್ನಿನ ಪ್ರಶಸ್ತಿ ಯಾರಿಗೆ ಸಿಗಬೇಕು ಎಂದು ನಮ್ಮ ಗುಂಪು ಹಾಕುವ ಓಟಿನ ಲೆಕ್ಕ ನನ್ನ ತಲೆಗೇ ಕಟ್ಟಿದ್ದಾರೆ. ಐದು ಜನ, ಐದು ಚೀಟಿ. ಕೊನೆಗೆ ಬಂದ ಹೆಸರು ಬರೆದವರು ಮಾಲ್ಪುರಿ ಕೊಡಿಸಬೇಕು.

2025ರ ಏಪ್ರಿಲ್‌ನಲ್ಲಿ ಮಾಲ್ಪುರಿಗಿಂತ ಜಗಳವೇ ಜಾಸ್ತಿ ಆಯಿತು. ಓಕ್ಲಹೋಮ ಸಿಟಿ ಥಂಡರ್‌ನ ಶೇ ಗಿಲ್ಜಸ್-ಅಲೆಕ್ಸಾಂಡರ್ ಎಂದು ಇಬ್ಬರು. ಡೆನ್ವರ್ ನಗೆಟ್ಸ್‌ನ ನಿಕೊಲಾ ಯೋಕಿಚ್ ಎಂದು ಇಬ್ಬರು. ಅವರಲ್ಲಿ ನಾನೂ ಒಬ್ಬ. ಐದನೆಯವನು ಕಾಲೇಜು ಹುಡುಗ, ಅವನದು ಯಾನಿಸ್ ಆಂಟೆಟೊಕುಂಪೊ. ಮೂರು ದಿನ ಇದೇ ಮಾತು. ಮೂರನೆಯ ದಿನ ನನಗೆ ಹೊಳೆಯಿತು. ನಾವು ಆಟಗಾರರ ಬಗ್ಗೆ ಜಗಳ ಆಡುತ್ತಿರಲೇ ಇಲ್ಲ. ಒಬ್ಬೊಬ್ಬರೂ ಒಂದೊಂದು ಬೇರೆ ಪ್ರಶ್ನೆಗೆ ಉತ್ತರ ಹೇಳುತ್ತಿದ್ದೆವು.

ಗಂಜಿನಲ್ಲಿ ಇದು ದಿನಾ ಕಾಣುವ ಮಾತು. ಅದೇ ರಾಶಿಯ ತೊಗರಿಗೆ ದಾಲ್ ಮಿಲ್ಲಿನವನು ಒಂದು ದರ ಹೇಳುತ್ತಾನೆ, ಬೀಜಕ್ಕೆ ಬೇಕಾದವನು ಇನ್ನೊಂದು. ಒಬ್ಬ ಬೇಳೆ ಎಷ್ಟು ಬೀಳುತ್ತದೆ ಅಂತ ನೋಡುತ್ತಾನೆ, ಇನ್ನೊಬ್ಬ ಮೊಳಕೆ ಎಷ್ಟು ಒಡೆಯುತ್ತದೆ ಅಂತ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ನಿಮ್ಮ ಗುಂಪಿನಲ್ಲೂ ಇಂಥ ಚರ್ಚೆ ನಡೆಯುತ್ತಿದ್ದರೆ, ಯಾವ ಪ್ರಶಸ್ತಿಗೆ ಯಾವ ಅಳತೆ ಹಿಡಿದರೆ ಏನಾಗುತ್ತದೆ ಎಂದು ನನಗೆ ತಿಳಿದಂತೆ ಬರೆದಿದ್ದೇನೆ. ನನ್ನ ಒಲವು ಎಲ್ಲಿದೆ ಅಂತ ಮುಚ್ಚಿಡಲು ಹೋಗಿಲ್ಲ.

ಅರ್ಧ ಜಗಳ ಇಲ್ಲೇ ಮುಗಿಯುತ್ತದೆ

ಒಂದು ತಂಡಕ್ಕೆ ರೆಗ್ಯುಲರ್ ಸೀಸನ್ನಿನಲ್ಲಿ 82 ಪಂದ್ಯ. ಸೀಸನ್ ಕೊನೆಯ ಪ್ರಶಸ್ತಿಗಳು ಈ 82 ಪಂದ್ಯಗಳ ಆಟಕ್ಕೆ ಮಾತ್ರ. ಈಗ ಓಟು ಹಾಕುವವರು 100 ಜನ ಮಾಧ್ಯಮದವರು. ಪ್ಲೇಆಫ್, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಸುತ್ತು, ಶುರುವಾಗುವ ಮೊದಲೇ ಓಟು ಮುಗಿದಿರುತ್ತದೆ. ಫಲಿತಾಂಶ ಹೇಳುವುದು ಮಾತ್ರ ವಾರಗಟ್ಟಲೆ ತಡವಾಗಿ. ಗೊಂದಲ ಹುಟ್ಟುವುದು ಇಲ್ಲೇ.

2025ರ ಮೇ ತಿಂಗಳಲ್ಲಿ ಥಂಡರ್ ತಂಡ ನಗೆಟ್ಸ್ ತಂಡವನ್ನು ಏಳು ಪಂದ್ಯಗಳ ಸರಣಿಯಲ್ಲಿ ಸೋಲಿಸಿತು. ಅದಾದ ಕೆಲವೇ ದಿನಕ್ಕೆ ಶೇ ಎಂವಿಪಿ, ಅಂದರೆ ಸೀಸನ್ನಿನ ಅತಿ ಬೆಲೆಯುಳ್ಳ ಆಟಗಾರ ಎಂದು ಘೋಷಣೆ ಆಯಿತು. ನಮ್ಮ ಗುಂಪಿನ ಹಿರಿಯರು ನಿವೃತ್ತ ಪಿ.ಟಿ. ಮೇಷ್ಟ್ರು. ನಾವೆಲ್ಲ ಕಾಕಾ ಅನ್ನುತ್ತೇವೆ. ಅವರು ಎದೆ ಉಬ್ಬಿಸಿ, "ನೋಡ್ರೆಪ್ಪಾ, ಎದುರಾ ಎದುರು ಸೋಲ್ಸ್ಯಾನ, ಅದಕ್ಕೇ ಕೊಟ್ಟಾರ" ಅಂದರು. ಇಲ್ಲ ಕಾಕಾ, ಓಟು ಏಪ್ರಿಲ್‌ನಲ್ಲೇ ಮುಗಿದಿತ್ತು ಅಂದರೆ ನಂಬಲಿಲ್ಲ.

ಫೈನಲ್ಸ್‌ಗೆ ಬೇರೆಯೇ ಎಂವಿಪಿ ಇದೆ. ಅದಕ್ಕೆ ಬಿಲ್ ರಸೆಲ್ ಹೆಸರು. ಓಟು ಹಾಕುವವರು 11 ಜನ ಅಷ್ಟೇ. ಅದು ಬಹುತೇಕ ಗೆದ್ದ ತಂಡಕ್ಕೇ ಹೋಗುತ್ತದೆ. ಸೋತ ತಂಡದಲ್ಲಿದ್ದು ಅದನ್ನು ಪಡೆದವನು 1969ರ ಜೆರ್ರಿ ವೆಸ್ಟ್ ಒಬ್ಬನೇ. 2015ರಲ್ಲಿ ಲೆಬ್ರಾನ್ ಜೇಮ್ಸ್ ಫೈನಲ್ಸ್‌ನಲ್ಲಿ ಪಂದ್ಯಕ್ಕೆ ಸರಾಸರಿ 35.8 ಪಾಯಿಂಟ್, 13.3 ರಿಬೌಂಡ್ (ಗುರಿ ತಪ್ಪಿದ ಚೆಂಡು ಹಿಡಿಯುವುದು), 8.8 ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕುವಂತೆ ಚೆಂಡು ಕೊಡುವುದು) ಮಾಡಿದ್ದ. ಆದರೂ 11ರಲ್ಲಿ 7 ಓಟು ಪಡೆದು ಗೆದ್ದವನು ವಾರಿಯರ್ಸ್‌ನ ಆಂಡ್ರೆ ಇಗ್ವೊಡಾಲಾ. ಲೆಬ್ರಾನ್‌ನ ಲೆಕ್ಕ ಇಟ್ಟುಕೊಂಡು ಅಳುವವರು ಇಂದಿಗೂ ಇದ್ದಾರೆ. ನಮ್ಮ ಹುಡುಗ ಅವರಲ್ಲೊಬ್ಬ.

ಆದ್ದರಿಂದ ಏಪ್ರಿಲಿನ ಚರ್ಚೆಯಲ್ಲಿ ಯಾರಾದರೂ ಪ್ಲೇಆಫ್ ಮಾತು ತಂದರೆ ಅಲ್ಲೇ ನಿಲ್ಲಿಸಿ.

ಎಂವಿಪಿ: ಆ ಒಂದು ಪದದೊಳಗೆ ಎಷ್ಟು ಪ್ರಶ್ನೆ

ಎಂವಿಪಿಗೆ "ಬೆಲೆ" ಅಂದರೆ ಏನು ಎಂದು ಎನ್‌ಬಿಎ ಎಲ್ಲೂ ಬಿಡಿಸಿ ಹೇಳಿಲ್ಲ. ಅದು ಒಳ್ಳೆಯದೇ ಅನಿಸುತ್ತದೆ, ಇಲ್ಲದಿದ್ದರೆ ನಮಗೆ ಬೆಳಗ್ಗೆ ಮಾತಾಡಲು ಏನೂ ಇರುತ್ತಿರಲಿಲ್ಲ. ಆದರೆ ಓಟು ಹಾಕುವಾಗ ಏನಾದರೂ ಒಂದು ಅರ್ಥ ಹಿಡಿಯಲೇಬೇಕು.

ಮೊದಲ ಅಳತೆ ಅಂಕಿ. ಇದು ಎಲ್ಲರ ಕೈಗೂ ಸುಲಭಕ್ಕೆ ಸಿಗುತ್ತದೆ, ಮೋಸ ಮಾಡುವುದೂ ಇದೇ ಜಾಸ್ತಿ. 1961-62ರ ಸೀಸನ್ ನೋಡಿ. ವಿಲ್ಟ್ ಚೇಂಬರ್ಲಿನ್ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ ಹೊಡೆದ. ಒಂದೇ ಪಂದ್ಯದಲ್ಲಿ 100 ಹೊಡೆದದ್ದೂ ಆ ಸೀಸನ್ನಿನಲ್ಲೇ. ಅದೇ ವರ್ಷ ಆಸ್ಕರ್ ರಾಬರ್ಟ್‌ಸನ್ ಇಡೀ ಸೀಸನ್ ಟ್ರಿಪಲ್-ಡಬಲ್ ಸರಾಸರಿ ಇಟ್ಟ. ಅಂದರೆ ಪಾಯಿಂಟ್, ರಿಬೌಂಡ್, ಅಸಿಸ್ಟ್ ಮೂರರಲ್ಲೂ ಹತ್ತರ ಮೇಲೆ. ಎಂವಿಪಿ ಯಾರಿಗೆ ಹೋಯಿತು? ಬಾಸ್ಟನ್ ಸೆಲ್ಟಿಕ್ಸ್‌ನ ಬಿಲ್ ರಸೆಲ್‌ಗೆ. ಅವನ ತಂಡ 60 ಪಂದ್ಯ ಗೆದ್ದಿತ್ತು. ಆಗ ಓಟು ಹಾಕುತ್ತಿದ್ದವರು ಪತ್ರಕರ್ತರಲ್ಲ, ಆಟಗಾರರೇ. ದಿನಾ ಎದುರು ಆಡಿದವರಿಗೆ 50 ಪಾಯಿಂಟಿಗಿಂತ ರಸೆಲ್‌ನ ಡಿಫೆನ್ಸ್ ದೊಡ್ಡದಾಗಿ ಕಂಡಿತು. 1980-81ರಿಂದ ಓಟು ಮಾಧ್ಯಮದವರ ಕೈಗೆ ಬಂತು.

ಎರಡನೆಯ ಅಳತೆ ತಂಡದ ಗೆಲುವು. 2005-06ರಲ್ಲಿ ಕೋಬಿ ಬ್ರಯಾಂಟ್ ಸರಾಸರಿ 35.4 ಪಾಯಿಂಟ್ ಹೊಡೆದ. ತಂಡ ಗೆದ್ದದ್ದು 45 ಪಂದ್ಯ. ಎಂವಿಪಿ ಸ್ಟೀವ್ ನ್ಯಾಶ್‌ಗೆ, ಅವನ ಫೀನಿಕ್ಸ್ ಸನ್ಸ್ 54 ಗೆದ್ದಿತ್ತು. ಕೋಬಿಗೆ ಸಿಕ್ಕಿದ್ದು ನಾಲ್ಕನೇ ಸ್ಥಾನ. ಈ ಅಳತೆಯಲ್ಲಿ ಒಂದು ಅನ್ಯಾಯವಿದೆ: ಜೊತೆಗಾರರು ಒಳ್ಳೆಯವರಿದ್ದರೆ ನೀವು ದೊಡ್ಡವರು, ಇಲ್ಲದಿದ್ದರೆ ಸಣ್ಣವರು. ಆದರೂ ನಾನು ಇದನ್ನು ಮೊದಲ ಜರಡಿಯಾಗಿ ಹಿಡಿಯುತ್ತೇನೆ. ಸುಮಾರು 50 ಪಂದ್ಯ ಗೆಲ್ಲದ ತಂಡದವನ ಹೆಸರು ನನ್ನ ಚೀಟಿಯ ಮೊದಲ ಸಾಲಿಗೆ ಬರುವುದು ಕಷ್ಟ.

ಹೀಗಾಗಿ 2016-17ರ ವಿಷಯದಲ್ಲಿ ನಾನು ಊರಿಗೆಲ್ಲ ಎದುರು. ಆ ವರ್ಷ ರಸೆಲ್ ವೆಸ್ಟ್‌ಬ್ರೂಕ್ 31.6 ಪಾಯಿಂಟ್, 10.7 ರಿಬೌಂಡ್, 10.4 ಅಸಿಸ್ಟ್ ಸರಾಸರಿ ಇಟ್ಟ, 42 ಟ್ರಿಪಲ್-ಡಬಲ್ ಮಾಡಿದ. ಎಂವಿಪಿ ಅವನೇ. ಆದರೆ ತಂಡ ಗೆದ್ದದ್ದು 47, ಪಶ್ಚಿಮ ವಿಭಾಗದಲ್ಲಿ ಆರನೇ ಸ್ಥಾನ. ಜೇಮ್ಸ್ ಹಾರ್ಡನ್‌ನ ಹೂಸ್ಟನ್ ರಾಕೆಟ್ಸ್ 55 ಗೆದ್ದಿತ್ತು. ಹಾರ್ಡನ್‌ನದೂ 29.1 ಪಾಯಿಂಟ್, 11.2 ಅಸಿಸ್ಟ್. ಹೋದ ಕಡೆಯಲ್ಲೆಲ್ಲ ನಾನು ಹಾರ್ಡನ್ ಅನ್ನುತ್ತೇನೆ. ಮೆಡಿಕಲ್ ಅಂಗಡಿಯ ಗೆಳೆಯ ಇದನ್ನು ಕೇಳಿದಾಗೆಲ್ಲ ಎದ್ದು ಹೋಗುವಂತೆ ನಟಿಸುತ್ತಾನೆ.

ಆ ವರ್ಷ ವೆಸ್ಟ್‌ಬ್ರೂಕ್‌ಗೆ ಗೆಲುವು ತಂದುಕೊಟ್ಟದ್ದರಲ್ಲಿ ಮೂರನೆಯ ಅಳತೆಯ ಪಾಲು ದೊಡ್ಡದು. ಅದು ಕಥೆ. 2016ರ ಬೇಸಿಗೆಯಲ್ಲಿ ಕೆವಿನ್ ಡ್ಯುರಾಂಟ್ ಆ ತಂಡ ಬಿಟ್ಟು ವಾರಿಯರ್ಸ್ ಸೇರಿದ. ಉಳಿದವನು ಒಬ್ಬನೇ ಹೊರೆ ಹೊತ್ತು, ಅರ್ಧ ಶತಮಾನದ ಹಿಂದೆ ರಾಬರ್ಟ್‌ಸನ್ ಒಬ್ಬನೇ ಮಾಡಿದ್ದ ಕೆಲಸವನ್ನು ಮತ್ತೆ ಮಾಡಿ ತೋರಿಸಿದ. ಯಾರ ಮನಸ್ಸು ಕರಗುವುದಿಲ್ಲ ಹೇಳಿ?

ಕಥೆಗೆ ಇನ್ನೊಂದು ಮುಖವೂ ಇದೆ: ಬೇಸರ. ಒಬ್ಬನೇ ಮೇಲಿಂದ ಮೇಲೆ ಗೆದ್ದರೆ ಓಟುದಾರರ ಕಣ್ಣು ಬೇರೆ ಕಡೆ ಹೊರಳುತ್ತದೆ. 1996-97ರಲ್ಲಿ ಮೈಕಲ್ ಜೋರ್ಡನ್‌ನ ಬುಲ್ಸ್ 69 ಗೆದ್ದಿತ್ತು, ಕಾರ್ಲ್ ಮಲೋನ್‌ನ ಯೂಟಾ ಜಾಜ್ 64. ಎಂವಿಪಿ ಮಲೋನ್‌ಗೆ. ಅಲ್ಲಿಗೆ ಜೋರ್ಡನ್ ಬಳಿ ನಾಲ್ಕು ಎಂವಿಪಿ ಇದ್ದವು. ಆಮೇಲೆ ಫೈನಲ್ಸ್‌ನಲ್ಲಿ ಅದೇ ಜಾಜ್ ತಂಡವನ್ನು ಬುಲ್ಸ್ 4-2ರಲ್ಲಿ ಸೋಲಿಸಿತು. ದಿನಾ ಮೃಷ್ಟಾನ್ನ ಬಡಿಸಿದರೆ ಉಣ್ಣುವವರು ಉಪ್ಪಿನಕಾಯಿ ಕೇಳುತ್ತಾರೆ, ಹಾಗೆ. ಈಗ ಆ ಟ್ರೋಫಿಗೇ ಜೋರ್ಡನ್ ಹೆಸರು ಇಟ್ಟಿದ್ದಾರೆ.

ನಾಲ್ಕನೆಯದು ನಮ್ಮ ಗುಂಪಿನಲ್ಲಿರುವ ದಾಲ್ ಮಿಲ್ಲಿನ ಗೆಳೆಯನ ಅಳತೆ. "ಅವನ್ನ ತೆಗೆದ್ರ ತಂಡ ಏನಾಗ್ತದ, ಅದು ಹೇಳ್ರಿ ಮೊದಲ." ಕೇಳಲು ಗಟ್ಟಿ ಮಾತು. ಯೋಕಿಚ್ ಬೆಂಚಿಗೆ ಹೋದ ಕೂಡಲೇ ನಗೆಟ್ಸ್ ತಂಡ ಹಳಿ ತಪ್ಪುವುದನ್ನು ನಾವೆಲ್ಲ ನೋಡಿದ್ದೇವೆ. ಆದರೆ ಯೋಚಿಸಿ. ಈ ಅಳತೆಯಲ್ಲಿ ಬೆಂಚು ಬಡವಾಗಿದ್ದಷ್ಟೂ ಸ್ಟಾರ್ ದೊಡ್ಡವನಾಗುತ್ತಾನೆ. ತಂಡ ಕಟ್ಟಿದ ಮ್ಯಾನೇಜರ್ ಮಾಡಿದ ತಪ್ಪಿಗೆ ಆಟಗಾರನಿಗೆ ಬಹುಮಾನ ಸಿಗುತ್ತದೆ. ಚೆನ್ನಾಗಿ ಕಟ್ಟಿದ ತಂಡದಲ್ಲಿ ಆಡಿದ್ದೇ ಶೇಯ ತಪ್ಪೇ?

ಈಗ ಆ 2025ರ ಜಗಳಕ್ಕೆ ಬನ್ನಿ. ಶೇ ಆಡಿದ್ದು 76 ಪಂದ್ಯ, ಸರಾಸರಿ 32.7 ಪಾಯಿಂಟ್ ಹೊಡೆದ. ತಂಡ 68 ಗೆದ್ದು 14 ಸೋತಿತು. ಯೋಕಿಚ್ 70 ಪಂದ್ಯ ಆಡಿದ. 29.6 ಪಾಯಿಂಟ್, 12.7 ರಿಬೌಂಡ್, 10.2 ಅಸಿಸ್ಟ್. ಅವನೂ ಟ್ರಿಪಲ್-ಡಬಲ್ ಸರಾಸರಿ! ರಾಬರ್ಟ್‌ಸನ್, ವೆಸ್ಟ್‌ಬ್ರೂಕ್ ಬಿಟ್ಟರೆ ಇತಿಹಾಸದಲ್ಲಿ ಮೂರನೆಯವನು. ತಂಡ 50 ಗೆದ್ದಿತು. ಯಾನಿಸ್‌ನದು 30.4 ಪಾಯಿಂಟ್, 11.9 ರಿಬೌಂಡ್. ಬೇರೆ ಯಾವುದಾದರೂ ವರ್ಷವಾಗಿದ್ದರೆ ಅವನೇ ಗೆಲ್ಲಬಹುದಿತ್ತು. ಆ ವರ್ಷ ಅವನ ಹೆಸರು ಮೂರನೆಯದು.

ನನ್ನ ಜರಡಿಯಲ್ಲಿ ಶೇ, ಯೋಕಿಚ್ ಇಬ್ಬರೂ ಉಳಿದರು. ಅಂಕಿ ನೋಡಿ ನಾನು ಯೋಕಿಚ್ ಅಂತ ಬರೆದೆ. ಈಗ ನೋಡಿದರೆ ನಾನು ಬರೆದದ್ದು ಬೇರೆ ಪ್ರಶ್ನೆಯ ಉತ್ತರ. "ಈಗ ಲೋಕದಲ್ಲಿ ಅತಿ ಒಳ್ಳೆಯ ಬ್ಯಾಸ್ಕೆಟ್‌ಬಾಲ್ ಆಟಗಾರ ಯಾರು?" ಎಂದು ಕೇಳಿದ್ದರೆ ಯೋಕಿಚ್ ಸರಿ, ಇಂದಿಗೂ ಅದನ್ನೇ ಹೇಳುತ್ತೇನೆ. "ಈ ಸೀಸನ್ ಯಾರದು?" ಎಂದು ಕೇಳಿದರೆ ಶೇ. ಆರು ಪಂದ್ಯ ಜಾಸ್ತಿ, ಹದಿನೆಂಟು ಗೆಲುವು ಜಾಸ್ತಿ, ಡಿಫೆನ್ಸ್‌ನಲ್ಲೂ ಮೇಲುಗೈ. ಪ್ರಶಸ್ತಿ ಕೇಳುವುದು ಎರಡನೆಯ ಪ್ರಶ್ನೆಯನ್ನು. ನೂರು ಜನರಲ್ಲಿ 71 ಜನ ಶೇಗೆ, 29 ಜನ ಯೋಕಿಚ್‌ಗೆ ಮೊದಲ ಸ್ಥಾನ ಕೊಟ್ಟರು. ಆ 29 ಜನ ನನ್ನ ಹಾಗೆಯೇ ಯೋಚಿಸಿರಬೇಕು.

ಹಾಜರಿ ಪುಸ್ತಕ

2023-24ರಿಂದ ಒಂದು ನಿಯಮ ಬಂದಿದೆ. ಎಂವಿಪಿ, ಡಿಫೆನ್ಸ್ ಪ್ರಶಸ್ತಿ, ಹೆಚ್ಚು ಸುಧಾರಿಸಿದ ಆಟಗಾರ, ಆಲ್-ಎನ್‌ಬಿಎ ತಂಡ (ಸೀಸನ್ನಿನ ಶ್ರೇಷ್ಠ ಆಟಗಾರರ ಪಟ್ಟಿ) ಇವುಗಳಿಗೆಲ್ಲ ಕನಿಷ್ಠ 65 ಪಂದ್ಯ ಆಡಿರಬೇಕು. ಸುಮ್ನೆ ಅಂಗಳಕ್ಕೆ ಇಳಿದು ಹೋದರೆ ಲೆಕ್ಕಕ್ಕಿಲ್ಲ. ಪಂದ್ಯದಲ್ಲಿ 20 ನಿಮಿಷ ಆಡಿರಬೇಕು. ಎರಡು ಪಂದ್ಯಗಳಿಗೆ ಮಾತ್ರ 15 ನಿಮಿಷದ ವಿನಾಯಿತಿ.

ಕಾಕಾಗೆ ಈ ನಿಯಮ ಅಂದರೆ ಪ್ರಾಣ. ಮೂವತ್ತು ವರ್ಷ ಹಾಜರಿ ಕರೆದವರು. "ಆಡಿದ್ದೇ ಇಲ್ಲ ಅಂದ್ರ ಪ್ರಶಸ್ತಿ ಹ್ಯಾಂಗ?" ಹುಡುಗನದು ಉಲ್ಟಾ. "ಕಾಕಾ, ಕಾಲು ಮುರ್ಕೊಂಡ್ರ ಅವನ ತಪ್ಪೇನ್ರಿ?" ಇಬ್ಬರ ಮಾತಿನಲ್ಲೂ ಹುರುಳಿದೆ. ಹಳೆಯ ದಾಖಲೆಯೂ ಎರಡೂ ಕಡೆ ಸಾಕ್ಷಿ ಹೇಳುತ್ತದೆ. 1977-78ರಲ್ಲಿ ಪೋರ್ಟ್‌ಲ್ಯಾಂಡಿನ ಬಿಲ್ ವಾಲ್ಟನ್ ಆಡಿದ್ದು 58 ಪಂದ್ಯ. ಅವನು ಗಾಯಗೊಂಡಾಗ ತಂಡ 50 ಗೆದ್ದು 10 ಸೋತಿತ್ತು. ಎಂವಿಪಿ ಅವನಿಗೇ ಸಿಕ್ಕಿತು. ಇಂದಿನ ನಿಯಮ ಇದ್ದಿದ್ದರೆ ಅವನ ಹೆಸರು ಚೀಟಿಗೇ ಬರುತ್ತಿರಲಿಲ್ಲ. 2023-24ರಲ್ಲಿ ಜೋಯೆಲ್ ಎಂಬೀಡ್‌ಗೆ ಆದದ್ದು ಅದೇ. ಹಿಂದಿನ ವರ್ಷದ ಎಂವಿಪಿ ಅವನು, ಸರಾಸರಿ 34.7 ಪಾಯಿಂಟ್ ಹೊಡೆಯುತ್ತಿದ್ದ. ಮೊಣಕಾಲು ಕೈಕೊಟ್ಟು 39 ಪಂದ್ಯಕ್ಕೇ ನಿಂತ.

ಹೊಸಬರ ಪ್ರಶಸ್ತಿಗೆ, ಬೆಂಚಿನಿಂದ ಬರುವವರ ಪ್ರಶಸ್ತಿಗೆ ಈ 65ರ ಮಿತಿ ಇಲ್ಲ. ಹಾಗಾಗಿ ಅಲ್ಲಿ ನೀವೇ ತೂಗಬೇಕು. ಇದಕ್ಕೆ ನನಗೆ ಅತಿ ಇಷ್ಟದ ಉದಾಹರಣೆ 2016-17. ಇದೇ ಎಂಬೀಡ್ ಆಗ ಹೊಸಬ. 31 ಪಂದ್ಯ ಆಡಿ ಸರಾಸರಿ 20.2 ಪಾಯಿಂಟ್. ಎದುರಿಗೆ ಮಿಲ್ವಾಕಿಯ ಮಾಲ್ಕಮ್ ಬ್ರಾಗ್ಡನ್, 75 ಪಂದ್ಯ, ಸರಾಸರಿ 10.2. ತಂಡಗಳು ಸರದಿಯಂತೆ ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ 36ನೆಯವನಾಗಿ ಆಯ್ಕೆಯಾದ ಹುಡುಗ. ಗೆದ್ದವನು ಬ್ರಾಗ್ಡನ್. ಎಂಬೀಡ್ ಮೂರನೆಯವನಾದ.

ಆಟದ ಮಟ್ಟ ನೋಡಿದರೆ ಇಬ್ಬರಿಗೂ ಹೋಲಿಕೆಯೇ ಇಲ್ಲ. ಆದರೂ ನಾನು ಬ್ರಾಗ್ಡನ್ ಕಡೆ. 31 ಪಂದ್ಯ ಅಂದರೆ ಸೀಸನ್ನಿನ ಅರ್ಧವೂ ಅಲ್ಲ. ಉಳಿದ 51 ಪಂದ್ಯದಲ್ಲಿ ಅವನ ಜಾಗಕ್ಕೆ ಬೇರೆ ಯಾರನ್ನೋ ನಿಲ್ಲಿಸಿದರಲ್ಲ, ಆ ಲೆಕ್ಕವನ್ನೂ ಸೇರಿಸಬೇಕು ಅಲ್ವಾ? ಎಂಬೀಡ್ 50 ಪಂದ್ಯ ಆಡಿದ್ದರೆ ನನ್ನ ಓಟು ಅವನಿಗೇ. ಗೆರೆ ಎಲ್ಲಿ ಎಳೆಯಬೇಕು ಎಂದು ಕೇಳಿದರೆ ನನ್ನ ಲೆಕ್ಕ ಒರಟು: ಅರ್ಧ ದಾಟಿದರೆ ಗುಣ ನೋಡುತ್ತೇನೆ, ದಾಟದಿದ್ದರೆ ಹಾಜರಿ ನೋಡುತ್ತೇನೆ.

ಈ ಓಟುಗಳ ಹಿಂದೆ ದುಡ್ಡೂ ಇದೆ ಎನ್ನುವುದನ್ನು ಮರೆಯಬೇಡಿ. ನಮ್ಮ ಚೀಟಿಯಿಂದ ಮಾಲ್ಪುರಿ ಹೋಗುತ್ತದೆ ಅಷ್ಟೇ. ಅಲ್ಲಿ ಆಲ್-ಎನ್‌ಬಿಎ ತಂಡದಲ್ಲಿ ಹೆಸರು ಬಂದರೆ ಕೆಲವರ ಕಾಂಟ್ರ್ಯಾಕ್ಟ್ ಮೊತ್ತವೇ ಏರುತ್ತದೆ. 2021ರಲ್ಲಿ ಬಾಸ್ಟನ್ನಿನ ಜೇಸನ್ ಟೇಟಮ್ ಹೆಸರು ಆ ಪಟ್ಟಿಯಲ್ಲಿ ಬರಲಿಲ್ಲ. ಅದರಿಂದ ಅವನು ಕಳೆದುಕೊಂಡದ್ದು 3 ಕೋಟಿ ಡಾಲರಿಗೂ ಹೆಚ್ಚು. ಕೆಲವು ಪತ್ರಿಕೆಗಳು ತಮ್ಮ ವರದಿಗಾರರಿಗೆ ಈ ಓಟು ಹಾಕಲು ಬಿಡುವುದೇ ಇಲ್ಲ. ಸುದ್ದಿ ಬರೆಯುವವನೇ ಸಂಬಳ ಬರೆದಂತಾಗುತ್ತದಲ್ಲ.

ಡಿಫೆನ್ಸ್: ಕಾಣದ್ದನ್ನು ಎಣಿಸುವ ಕಷ್ಟ

ನಮ್ಮ ದಾಲ್ ಮಿಲ್ಲಿನ ಗೆಳೆಯ ಆರಡಿ ಮೂರಿಂಚು. ಓಡುವುದಿಲ್ಲ. ರಿಂಗ್ ಕೆಳಗೆ ನಿಂತುಬಿಡುತ್ತಾನೆ. ಬೆಳಗಿನಿಂದ ಒಂದು ಬ್ಲಾಕ್, ಅಂದರೆ ಬುಟ್ಟಿಗೆ ಎಸೆದ ಚೆಂಡನ್ನು ತಡೆಯುವುದು, ಮಾಡಿದರೆ ಹೆಚ್ಚು. ಆದರೆ ಅವನು ಬರದ ದಿನ ಹುಡುಗ ಹತ್ತು ಸಲ ಒಳಗೆ ನುಗ್ಗಿ ಬುಟ್ಟಿಗೆ ಹಾಕುತ್ತಾನೆ. ಅವನು ನಿಂತಿದ್ದರೆ ದೂರದಿಂದಲೇ ಎಸೆದು ತಪ್ಪಿಸುತ್ತಾನೆ. ಆ ತಪ್ಪಿದ ಚೆಂಡುಗಳನ್ನು ಯಾರ ಖಾತೆಗೆ ಬರೆಯಬೇಕು? ಇಷ್ಟು ವರ್ಷ ಲೆಕ್ಕ ಬರೆದ ನನಗೇ ತಿಳಿಯುವುದಿಲ್ಲ.

ವರ್ಷದ ಡಿಫೆನ್ಸ್ ಆಟಗಾರನನ್ನು ಆರಿಸುವಾಗ ಇರುವ ಕಷ್ಟ ಇದೇ. ಸ್ಟೀಲ್ (ಎದುರಾಳಿಯಿಂದ ಚೆಂಡು ಕಸಿಯುವುದು), ಬ್ಲಾಕ್ ಎರಡೇ ಎಣಿಕೆಗೆ ಸಿಗುತ್ತವೆ. 2024-25ರಲ್ಲಿ ಅಟ್ಲಾಂಟಾದ ಡೈಸನ್ ಡೇನಿಯಲ್ಸ್ 229 ಸ್ಟೀಲ್ ಮಾಡಿದ, ಪಂದ್ಯಕ್ಕೆ ಮೂರು! ಬೇರೆ ಯಾರೂ ಹತ್ತಿರಕ್ಕೂ ಇಲ್ಲ. ಆದರೂ ಪ್ರಶಸ್ತಿ ಕ್ಲೀವ್‌ಲ್ಯಾಂಡಿನ ಎತ್ತರದ ಹುಡುಗ ಇವಾನ್ ಮೊಬ್ಲಿಗೆ ಹೋಯಿತು. ಡೇನಿಯಲ್ಸ್ ಎರಡನೆಯವನು.

ದೊಡ್ಡವರೇ ಇದನ್ನು ಗೆಲ್ಲುತ್ತಾರೆ ಎನ್ನುವ ದೂರು ಹಳೆಯದು, ಸುಳ್ಳೂ ಅಲ್ಲ. 1996ರಲ್ಲಿ ಗ್ಯಾರಿ ಪೇಟನ್ ಗೆದ್ದ ಮೇಲೆ ಇನ್ನೊಬ್ಬ ಗಾರ್ಡ್‌ಗೆ, ಅಂದರೆ ರಿಂಗಿನಿಂದ ದೂರ ಆಡುವ ಕಡಿಮೆ ಎತ್ತರದ ಆಟಗಾರನಿಗೆ, ಅದು ಸಿಗಲು 2022ರ ಮಾರ್ಕಸ್ ಸ್ಮಾರ್ಟ್‌ವರೆಗೆ ಕಾಯಬೇಕಾಯಿತು. ನಡುವೆ ಇಪ್ಪತ್ತಾರು ವರ್ಷ. ರೂಡಿ ಗೋಬೇರ್ ಒಬ್ಬನೇ ನಾಲ್ಕು ಸಲ ಗೆದ್ದಿದ್ದಾನೆ. ಬೆನ್ ವಾಲೇಸ್, ಡಿಕೆಂಬೆ ಮುಟೊಂಬೊ ಕೂಡ ನಾಲ್ಕೇ. ಮೂವರೂ ರಿಂಗ್ ಕಾಯುವ ದೊಡ್ಡವರು. ನಾನು ಐದಡಿ ಆರಿಂಚಿನ ಗಾರ್ಡ್. ಹೊಟ್ಟೆಕಿಚ್ಚು ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ದೊಡ್ಡವರ ಕಡೆಗೇ ನ್ಯಾಯ ಇದೆ ಎನ್ನುತ್ತೇನೆ. ಗಾರ್ಡ್ ಒಬ್ಬನನ್ನು ತಡೆಯುತ್ತಾನೆ. ರಿಂಗ್ ಕೆಳಗೆ ನಿಂತವನು ಐವರ ದಾರಿಯನ್ನೂ ಬದಲಿಸುತ್ತಾನೆ.

ಈ ಓಟಿಗೆ ನನ್ನ ಸಲಹೆ: ಹೈಲೈಟ್ಸ್ ನೋಡಬೇಡಿ. ಒಂದು ಪೂರ್ತಿ ಪಂದ್ಯ ನೋಡಿ, ಚೆಂಡಿನ ಹಿಂದೆ ಕಣ್ಣು ಓಡಿಸದೆ ಒಬ್ಬನ ಮೇಲೇ ಇಡಿ. ಎದುರಾಳಿ ಎಲ್ಲಿಗೆ ಹೋಗಲು ಹಿಂಜರಿಯುತ್ತಾನೆ ಎಂಬುದು ಅರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ.

ಉಳಿದವು, ಬೇಗ ಬೇಗ

ಸಿಕ್ಸ್ತ್ ಮ್ಯಾನ್, ಅಂದರೆ ಬೆಂಚಿನಿಂದ ಬಂದು ಆಟ ತಿರುಗಿಸುವವನು. ಶುರುವಿನಿಂದ ಆಡಿದ ಪಂದ್ಯಕ್ಕಿಂತ ಬೆಂಚಿನಿಂದ ಬಂದ ಪಂದ್ಯ ಜಾಸ್ತಿ ಇರಬೇಕು, ಅಷ್ಟೇ ನಿಯಮ. ಓಟು ಸಾಮಾನ್ಯವಾಗಿ ಜಾಸ್ತಿ ಪಾಯಿಂಟ್ ಹೊಡೆದವನಿಗೇ ಬೀಳುತ್ತದೆ. ಜಮಾಲ್ ಕ್ರಾಫರ್ಡ್, ಲೂ ವಿಲಿಯಮ್ಸ್ ತಲಾ ಮೂರು ಸಲ ಗೆದ್ದರು. ನನಗೆ ಇಲ್ಲಿ ಮಾದರಿ 2008ರ ಮನು ಜಿನೋಬಿಲಿ. ಯಾವ ತಂಡದಲ್ಲಾದರೂ ಶುರುವಿನಿಂದ ಆಡಬಹುದಾಗಿದ್ದವನು, ತಂಡಕ್ಕೋಸ್ಕರ ಬೆಂಚಿನಲ್ಲಿ ಕೂತ.

ಹೆಚ್ಚು ಸುಧಾರಿಸಿದ ಆಟಗಾರನ ಪ್ರಶಸ್ತಿಯಲ್ಲಿ ಯಾರು ಗೆದ್ದರೂ ತಕರಾರು. ಏನೂ ಇಲ್ಲದವನು ಒಳ್ಳೆಯವನಾದದ್ದು ದೊಡ್ಡದೋ, ಒಳ್ಳೆಯವನು ಶ್ರೇಷ್ಠನಾದದ್ದು ದೊಡ್ಡದೋ? 2022ರಲ್ಲಿ ಜಾ ಮೊರಾಂಟ್‌ಗೆ ಕೊಟ್ಟರು. ಅವನು ಡ್ರಾಫ್ಟ್‌ನ ಎರಡನೇ ಆಯ್ಕೆ, ಅದಾಗಲೇ ಹೊಸಬರ ಪ್ರಶಸ್ತಿ ಗೆದ್ದವನು. ಬೆಳೆಯಲಿ ಅಂತಲೇ ಕರೆತಂದವನು ಬೆಳೆದರೆ ಅದರಲ್ಲಿ ಅಚ್ಚರಿ ಏನು? ಅವನಿಗೇ ಹಾಗೆ ಅನಿಸಿತೋ ಏನೋ, ಟ್ರೋಫಿಯನ್ನು ತಂಡದ ಜೊತೆಗಾರ ಡೆಸ್ಮಂಡ್ ಬೇನ್‌ಗೆ ಕೊಟ್ಟುಬಿಟ್ಟ. ಯಾನಿಸ್‌ನದು ಬೇರೆ ಕಥೆ. 2017ರಲ್ಲಿ ಇದನ್ನು ಗೆದ್ದು, 2019 ಮತ್ತು 2020ರಲ್ಲಿ ಎಂವಿಪಿಯೂ ಆದ. ನಾನು ಎರಡನೇ ವರ್ಷದ ಆಟಗಾರರನ್ನು ಪಟ್ಟಿಯಿಂದ ತೆಗೆದುಬಿಡುತ್ತೇನೆ. ಆ ವಯಸ್ಸಿನಲ್ಲಿ ಸುಧಾರಿಸದಿದ್ದರೆ ಇನ್ಯಾವಾಗ?

ಕ್ಲಚ್ ಆಟಗಾರ ಪ್ರಶಸ್ತಿ 2022-23ರಲ್ಲಿ ಶುರುವಾದದ್ದು. ಕೊನೆಯ ಐದು ನಿಮಿಷ, ಅಂತರ ಐದು ಪಾಯಿಂಟಿನ ಒಳಗೆ ಇದ್ದಾಗಿನ ಆಟವೇ ಇಲ್ಲಿ ಮುಖ್ಯ. ಇಷ್ಟು ಸಣ್ಣ ಮಾದರಿ ನೋಡಿ ನಾನಂತೂ ಒಂದು ಚೀಲ ತೊಗರಿಯನ್ನೂ ಕೊಳ್ಳುವುದಿಲ್ಲ. ನಮ್ಮ ಚೀಟಿಯಲ್ಲಿ ಇದನ್ನು ಸೇರಿಸಿಲ್ಲ.

ಎಣಿಸುವ ರೀತಿ ಬದಲಾದರೆ ಗೆಲ್ಲುವವನೂ ಬದಲು

ಕೈ ಎತ್ತಿಸಿ ಎಣಿಸುವುದು ಸುಲಭ. ನಾವೂ ಮೊದಲು ಹಾಗೇ ಮಾಡುತ್ತಿದ್ದೆವು. ಕಾಕಾ ಕೈ ಎತ್ತಿದರೆ ಮೆಡಿಕಲ್ ಅಂಗಡಿಯವನೂ ಎತ್ತುತ್ತಾನೆ, ಅವರ ಹತ್ತಿರ ಓದಿದವನು ಪಾಪ. ಅದಕ್ಕೇ ಚೀಟಿ ಬಂತು.

ಚೀಟಿಯಲ್ಲಿ ಒಂದೇ ಹೆಸರು ಬರೆಸಬೇಕೋ, ಕ್ರಮವಾಗಿ ಕೆಲವು ಹೆಸರು ಬರೆಸಬೇಕೋ? ಎನ್‌ಬಿಎಯಲ್ಲಿ ಎಂವಿಪಿಗೆ ಐದು ಹೆಸರು ಬರೆಯಬೇಕು. ಮೊದಲ ಹೆಸರಿಗೆ 10 ಅಂಕ, ಆಮೇಲೆ 7, 5, 3, 1. ಉಳಿದ ಪ್ರಶಸ್ತಿಗಳಿಗೆ ಮೂರು ಹೆಸರು, 5, 3, 1. ಇದರಿಂದ ತಮಾಷೆಯ ಫಲಿತಾಂಶ ಬರುವುದುಂಟು. 1990ರಲ್ಲಿ ಚಾರ್ಲ್ಸ್ ಬಾರ್ಕ್ಲಿಗೆ 38 ಜನ ಮೊದಲ ಸ್ಥಾನ ಕೊಟ್ಟರು, ಮ್ಯಾಜಿಕ್ ಜಾನ್ಸನ್‌ಗೆ 27 ಜನ. ಗೆದ್ದವನು ಮ್ಯಾಜಿಕ್, ಎರಡನೇ ಸ್ಥಾನಗಳ ಬಲದಿಂದ.

ಮಹಿಳೆಯರ ಲೀಗ್ ಆದ ಡಬ್ಲ್ಯುಎನ್‌ಬಿಎಯಲ್ಲಿ 2023ರ ಎಣಿಕೆ ಇದಕ್ಕಿಂತ ರೋಚಕ. ಓಟುದಾರರು 60 ಜನ. ಅಲಿಸಾ ಥಾಮಸ್‌ಗೆ 23 ಮೊದಲ ಓಟು, ಬ್ರಿಯಾನಾ ಸ್ಟೀವರ್ಟ್‌ಗೆ 20, ಏಜಾ ವಿಲ್ಸನ್‌ಗೆ 17. ಅಂಕ ಕೂಡಿಸಿದರೆ ಸ್ಟೀವರ್ಟ್ 446, ಥಾಮಸ್ 439, ವಿಲ್ಸನ್ 433. ಯಾರೋ ಒಬ್ಬರು ವಿಲ್ಸನ್‌ಳನ್ನು ನಾಲ್ಕನೇ ಸ್ಥಾನಕ್ಕೆ ಹಾಕಿದ್ದರು. ಮುಂದಿನ ವರ್ಷ ಅವಳು ಎಲ್ಲರ ಓಟನ್ನೂ ಬಾಚಿಕೊಂಡು ಎಂವಿಪಿ ಆದಳು. ಎನ್‌ಬಿಎಯಲ್ಲಿ ಹಾಗೆ ಒಬ್ಬರ ಓಟೂ ತಪ್ಪದೆ ಮೊದಲು ಗೆದ್ದವನು 2016ರ ಸ್ಟೀಫನ್ ಕರಿ, 131ಕ್ಕೆ 131. ಅದಕ್ಕೂ ಮೊದಲು ಶಕೀಲ್ ಓನೀಲ್, ಲೆಬ್ರಾನ್ ಇಬ್ಬರೂ 121ರಲ್ಲಿ 120ಕ್ಕೆ ನಿಂತಿದ್ದರು.

ನಾವು ಐದು ಜನ ಮೂರು ಹೆಸರಿನ ಚೀಟಿ ಹಿಡಿದೆವು, ಅಂಕ 10, 7, 5. ಮೊದಲ ಹೆಸರುಗಳಷ್ಟೇ ಎಣಿಸಿದರೆ ಶೇಗೆ 2, ಯೋಕಿಚ್‌ಗೆ 2, ಯಾನಿಸ್‌ಗೆ 1. ಸಮ. ಅಂಕ ಹಾಕಿದಾಗ ಯೋಕಿಚ್‌ಗೆ 41, ಶೇಗೆ 37, ಯಾನಿಸ್‌ಗೆ 32. ಅಲ್ಲಿ ಶೇ ಗೆದ್ದರೆ ಕಲಬುರಗಿಯಲ್ಲಿ ಯೋಕಿಚ್ ಗೆದ್ದ.

ಕಾಕಾ ಒಪ್ಪಲಿಲ್ಲ. ಚೀಟಿ ಬಿಚ್ಚಿ ತೋರಿಸು ಅಂದರು. ನೋಡಿದರೆ ಶೇಯನ್ನು ಮೂರನೇ ಸ್ಥಾನಕ್ಕೆ ತಳ್ಳಿದವರು ಇಬ್ಬರು. ಹುಡುಗನದು ಬಿಡಿ, ಅವನಿಗೆ ಯಾನಿಸ್ ದೇವರು. ಇನ್ನೊಬ್ಬ ದಾಲ್ ಮಿಲ್ಲಿನವನು. ಶೇ ಎರಡನೆಯವನು ಅಂತ ಅವನೇ ಬಾಯಿಬಿಟ್ಟು ಹೇಳಿದ್ದ. ಚೀಟಿಯಲ್ಲಿ ಮಾತ್ರ ಯಾನಿಸ್‌ನನ್ನು ಮೇಲೆ ಹಾಕಿದ್ದ, ಯೋಕಿಚ್‌ಗೆ ಪೈಪೋಟಿ ಕಡಿಮೆಯಾಗಲಿ ಅಂತ. "ವ್ಯಾಪಾರ ಅದ ಬಿಡ್ರಿ ಕಾಕಾ" ಅಂದ. ಅಂಕದ ಪದ್ಧತಿಯಲ್ಲಿ ಈ ಆಟಕ್ಕೆ ಜಾಗ ಇದ್ದೇ ಇದೆ. ಓಟುದಾರರು ನೂರು ಜನ ಇದ್ದರೆ ಒಬ್ಬನ ಕೈಚಳಕ ಮುಳುಗಿಹೋಗುತ್ತದೆ, ಐದೇ ಜನ ಇದ್ದರೆ ಅದೇ ಮೇಲೆ ತೇಲುತ್ತದೆ. ಎನ್‌ಬಿಎ ಯಾರ ಓಟು ಯಾರಿಗೆ ಎಂದು ಕೊನೆಗೆ ಹೊರಗೆ ಹಾಕುತ್ತದೆ. ನಾವೂ ಈಗ ಚೀಟಿಯ ಮೇಲೆ ಹೆಸರು ಬರೆಸುತ್ತೇವೆ. ಅದರ ತಲೆಯ ಮೇಲೆ ನಾನು ದೊಡ್ಡದಾಗಿ ಬರೆದಿರುತ್ತೇನೆ: "ಈ ಸೀಸನ್ ಯಾರದು?"

ಮಾಲ್ಪುರಿಯ ಲೆಕ್ಕ ಉಳಿಯಿತು. ಕೊನೆಗೆ ಬಂದದ್ದು ಯಾನಿಸ್, ಆದ್ದರಿಂದ ಹುಡುಗನೇ ಕೊಡಿಸಬೇಕು. ಅವನ ಜೇಬಿನಲ್ಲಿ ಬಸ್ಸಿನ ದುಡ್ಡಷ್ಟೇ ಇತ್ತು. ಕಾಕಾ ಅವನ ಹೆಗಲ ಮೇಲೆ ಕೈ ಹಾಕಿ, "ನಿಂದು ನಾ ಕೊಡ್ತೀನಿ ತಮ್ಮಾ, ಆದ್ರ ಮುಂದಿನ ವರ್ಷ ನಾ ಹೇಳಿದ ಹೆಸರು ಬರೀಬೇಕು ನೋಡು" ಅಂದರು. ಹುಡುಗ ಆಗಲಿ ಅಂತ ತಲೆ ಆಡಿಸಿದ. ನಾನು ಅಲ್ಲೇ ವಹಿ ತೆಗೆದು ಇದಕ್ಕೂ ಒಂದು ನಿಯಮ ಬರೆಯಬೇಕಾಯಿತು.